ಸಾರಾಂಶ ಯಂತ್ರ ಬರೆದರೂ ಸಹಿ ನಮ್ಮದೇ



ಹೊಸೂರಿನ ಕಾರ್ಖಾನೆಯ ಕಚೇರಿಯಾಗಲಿ, ಸೊಲ್ಲಾಪುರದ ಟವೆಲ್ ವ್ಯಾಪಾರವಾಗಲಿ, ಆದೋನಿಯ ಹತ್ತಿ ವಹಿವಾಟಾಗಲಿ, ತಿಂಗಳ ಲೆಕ್ಕ ಈಗ ಕಂಪ್ಯೂಟರಿನಲ್ಲೇ ಕೂಡಿ ಬರುತ್ತದೆ. ಇತ್ತೀಚೆಗೆ ಆ ಲೆಕ್ಕದ ಪಕ್ಕದಲ್ಲಿ ನಾಲ್ಕೈದು ಸಾಲಿನ ಸಾರಾಂಶವೂ ತಾನಾಗಿಯೇ ಮೂಡತೊಡಗಿದೆ. ಅದನ್ನು ಬರೆಯುವುದು ಎಐ, ಅಂದರೆ ಕೃತಕ ಬುದ್ಧಿಮತ್ತೆ. ಇದನ್ನು ಎಷ್ಟು ನಂಬಬಹುದು, ಹೇಗೆ ಪರೀಕ್ಷಿಸಬೇಕು ಎಂದು ಹಲವು ಸದಸ್ಯರು ಕೇಳಿದ್ದರಿಂದ, ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಾರಾಂಶ ಎಲ್ಲಿಂದ ಬರುತ್ತದೆ?

ಮಾರಾಟ, ದಾಸ್ತಾನು, ಬಾಕಿ, ಖರ್ಚು ಇವೆಲ್ಲವನ್ನೂ ಒಂದೆಡೆ ಕೂಡಿಸಿ ಪಟ್ಟಿ, ನಕ್ಷೆಗಳಲ್ಲಿ ತೋರಿಸುವ ವರದಿಗೆ ಬಿಸಿನೆಸ್ ಇಂಟೆಲಿಜೆನ್ಸ್ ವರದಿ ಎನ್ನುತ್ತಾರೆ. ಮೈಕ್ರೋಸಾಫ್ಟಿನ ಪವರ್ ಬಿಐ, ಸೇಲ್ಸ್‌ಫೋರ್ಸಿನ ಟ್ಯಾಬ್ಲೋ ಇದಕ್ಕೆ ಹೆಸರಾದ ತಂತ್ರಾಂಶಗಳು. ಪವರ್ ಬಿಐಯಲ್ಲಿ ನಕ್ಷೆಯನ್ನು ಮಾತಿನಲ್ಲಿ ವಿವರಿಸುವ ಸೌಲಭ್ಯ 2020ರಲ್ಲೇ ಬಂದಿತ್ತು. ಆಗಿನದು ಅಚ್ಚು ಹಾಕಿದ ನಮೂನೆಯಂತೆ: ವಾಕ್ಯ ಮೊದಲೇ ಸಿದ್ಧವಿರುತ್ತಿತ್ತು, ಬಿಟ್ಟ ಸ್ಥಳದಲ್ಲಿ ಅಂಕಿ ತುಂಬುತ್ತಿತ್ತು. ಮಾತು ಒಣಗಿದಂತಿದ್ದರೂ ಅಂಕಿ ತಪ್ಪುವ ಭಯ ಕಡಿಮೆ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಈಗಿನ ಭಾಷಾ ಮಾದರಿಗಳು ವಾಕ್ಯವನ್ನು ತಾವೇ ಕಟ್ಟುತ್ತವೆ. ತಾವು ಓದಿದ ಅಪಾರ ಬರಹದ ರೂಢಿಯಂತೆ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ನೋಡಿ ಜೋಡಿಸುತ್ತವೆ. ಆದ್ದರಿಂದ ಓದಲು ಸೊಗಸಾಗಿರುತ್ತದೆ. ಆದರೆ ಹೊಂದುವ ಮಾತು ಬೇರೆ, ನಿಜವಾದ ಮಾತು ಬೇರೆ.

ಕಡತದ ಟಿಪ್ಪಣಿಯ ಪಾಠ

ಸರಕಾರಿ ಕಚೇರಿಯಲ್ಲಿ ದುಡಿದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ದಪ್ಪ ಕಡತದ ಮೇಲೆ ಒಂದು ಪುಟದ ಟಿಪ್ಪಣಿ ಬರೆದು ಸಾಹೇಬರ ಮುಂದೆ ಮಂಡಿಸುತ್ತಿದ್ದೆವು. ಅವರು ಓದುತ್ತಿದ್ದುದು ಟಿಪ್ಪಣಿಯನ್ನು, ಆದೇಶ ಹೊರಡುತ್ತಿದ್ದುದೂ ಅದರ ಮೇಲೆಯೇ. ಆದ್ದರಿಂದಲೇ ಟಿಪ್ಪಣಿಯ ಪ್ರತಿ ಮಾತಿನ ಬದಿಯಲ್ಲಿ ಕಡತದ ಪುಟಸಂಖ್ಯೆ ಹಾಕುವ ಪದ್ಧತಿ ಇತ್ತು. ಪುಟಸಂಖ್ಯೆ ಇಲ್ಲದ ಮಾತಿಗೆ ಬೆಲೆ ಇರಲಿಲ್ಲ. ಯಂತ್ರದ ಸಾರಾಂಶಕ್ಕೂ ಇದೇ ನಿಯಮ ಸಾಕು: ಪ್ರತಿ ವಾಕ್ಯಕ್ಕೂ ಲೆಕ್ಕದಲ್ಲಿ ಅದರ ಸ್ಥಳ ತೋರಿಸಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬ ಟವೆಲ್ ವ್ಯಾಪಾರಿಯ ಮಾರ್ಚ್ ಮಾರಾಟ 8 ಲಕ್ಷ ರೂಪಾಯಿ, ಏಪ್ರಿಲ್ ಮಾರಾಟ 6 ಲಕ್ಷ ಎಂದುಕೊಳ್ಳಿ. ಸಾರಾಂಶ ಹೀಗೆ ಬರುತ್ತದೆ: "ಮಾರಾಟ ಶೇ. 25ರಷ್ಟು ಇಳಿದಿದೆ. ಬೇಡಿಕೆ ಕುಗ್ಗುತ್ತಿರುವುದೇ ಇದಕ್ಕೆ ಕಾರಣ." ಮೊದಲ ವಾಕ್ಯಕ್ಕೆ ಪಟ್ಟಿಯಲ್ಲಿ ಸ್ಥಳವಿದೆ. ಎರಡನೆಯದಕ್ಕೆ ಇಲ್ಲ. ಬಿಲ್ಲುಗಳನ್ನು ತೆಗೆದು ನೋಡಿದರೆ, ಮಾರ್ಚಿನಲ್ಲಿ ಒಂದು ಹೋಟೆಲಿನವರು ಒಮ್ಮೆಗೇ ಎರಡೂವರೆ ಲಕ್ಷದ ಮಾಲು ಕೊಂಡಿದ್ದರು. ಅದೊಂದನ್ನು ಬಿಟ್ಟರೆ ಮಾರ್ಚಿನ ಮಾರಾಟ 5.5 ಲಕ್ಷ. ಅಂದರೆ ಅಂಗಡಿಯ ದಿನನಿತ್ಯದ ವ್ಯಾಪಾರ ಏಪ್ರಿಲಿನಲ್ಲಿ ಸುಮಾರು ಶೇ. 9 ಏರಿದೆ! ಸಾರಾಂಶವನ್ನಷ್ಟೇ ಓದಿದ ಮಾಲೀಕರು ಮಗ್ಗದವರಿಗೆ ಕೊಡುವ ಆರ್ಡರ್ ಕಡಿಮೆ ಮಾಡಿದರೆ, ಕೆಲಸ ಕಳೆದುಕೊಳ್ಳುವವನು ಈ ವರದಿಯನ್ನು ಕಣ್ಣಿನಿಂದಲೂ ನೋಡದ ನೇಕಾರ.

ಪರೀಕ್ಷಿಸಬೇಕಾದ ಐದು ವಿಷಯಗಳು

1. "ಕಾರಣ" ಎಂಬ ಮಾತು. ಏನಾಯಿತು ಎಂಬುದನ್ನು ಅಂಕಿ ಹೇಳುತ್ತದೆ. ಏಕೆ ಆಯಿತು ಎಂಬುದು ಬಹುಮಟ್ಟಿಗೆ ಅಂಕಿಯಲ್ಲಿ ಇರುವುದಿಲ್ಲ. "ಏಕೆಂದರೆ", "ಇದರಿಂದಾಗಿ" ಎಂಬ ಪದ ಕಂಡಲ್ಲಿ ಕೆಂಪು ಗೆರೆ ಎಳೆಯಿರಿ.

2. ಶೇಕಡಾವಾರು. ವಾಪಸು ಬಂದ ಮಾಲು 200ರಲ್ಲಿ 4 ಇದ್ದದ್ದು 6 ಆದರೆ "ಶೇ. 50 ಹೆಚ್ಚಳ" ಎನ್ನಬಹುದು, "ಶೇ. 2ರಿಂದ ಶೇ. 3ಕ್ಕೆ ಏರಿದೆ" ಎಂದೂ ಹೇಳಬಹುದು. ಎರಡೂ ಸರಿಯೇ. ಆದರೆ ಮೊದಲನೆಯದು ಗಾಬರಿ ಹುಟ್ಟಿಸುತ್ತದೆ. ಮೂಲ ಸಂಖ್ಯೆ ಎಷ್ಟು ಎಂದು ಯಾವಾಗಲೂ ಕೇಳಿ.

3. ಲೆಕ್ಕ ಹಾಕಿದ್ದು ಯಾರು? ಟ್ಯಾಬ್ಲೋ ಪಲ್ಸ್ ಎಂಬ ಸೌಲಭ್ಯ 2024ರಲ್ಲಿ ಬಂತು. ಅದರಲ್ಲಿ ಏರಿಳಿತವನ್ನು ಮೊದಲು ಅಂಕಿಶಾಸ್ತ್ರದ ವಿಧಾನದಿಂದ ಲೆಕ್ಕ ಹಾಕುತ್ತಾರೆ, ಎಐ ಮಾತನ್ನು ಮಾತ್ರ ಹಸನು ಮಾಡುತ್ತದೆ. ಇದು ಒಳ್ಳೆಯ ಕ್ರಮ. ಆದರೆ ಟ್ಯಾಲಿಯಿಂದ ಪಟ್ಟಿ ತೆಗೆದು ನೇರವಾಗಿ ಚಾಟ್‌ಜಿಪಿಟಿಗೆ ಹಾಕಿ "ಸಾರಾಂಶ ಬರೆ" ಎನ್ನುವವರೂ ಇದ್ದಾರೆ. ಆಗ ಕೂಡು-ಕಳೆಯುವುದರಲ್ಲೇ ತಪ್ಪಾಗಬಹುದು, ಉದ್ದದ ಪಟ್ಟಿಯಲ್ಲಿ ಕೆಲವು ಸಾಲು ಬಿಟ್ಟುಹೋಗಬಹುದು. ಮೊತ್ತ, ಶೇಕಡಾವಾರು ಎಲ್ಲವನ್ನೂ ಎಕ್ಸೆಲ್ಲಿನಲ್ಲಿ ಮೊದಲೇ ತೆಗೆದು, ಆಮೇಲೆ ಬರೆಯಲು ಕೊಡುವುದು ಕ್ಷೇಮ.

4. ಬಿಟ್ಟುಹೋದದ್ದು ಏನು? ತಿಂಗಳ ಕೊನೆಯ ವಾರದ ಬಿಲ್ಲು ಇನ್ನೂ ಏರಿಸಿಲ್ಲ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಕೊಟ್ಟಷ್ಟೇ ಪೂರ್ಣ ಎಂದು ತಿಳಿದು ಅದು ಬರೆಯುತ್ತದೆ. ಯಾವ ತಾರೀಖಿನವರೆಗಿನ ಲೆಕ್ಕ ಎಂಬುದನ್ನು ಸಾರಾಂಶದ ತಲೆಯಲ್ಲೇ ಬರೆಸಿ.

5. ಗ್ರಾಹಕರ ಗುಟ್ಟು. ಹೆಸರು, ಫೋನ್ ಸಂಖ್ಯೆ, ಬಾಕಿಯ ವಿವರ ಇರುವ ಪಟ್ಟಿಯನ್ನು ಹಾಗೆಯೇ ಹೊರಗಿನ ತಂತ್ರಾಂಶಕ್ಕೆ ಹಾಕಬಾರದು. ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ 2023ರಲ್ಲಿ ನಮ್ಮ ದೇಶದಲ್ಲಿ ಕಾಯ್ದೆಯಾಗಿದೆ. ಹೆಸರು ತೆಗೆದು ಕ್ರಮಸಂಖ್ಯೆ ಹಾಕಿ ಕೊಟ್ಟರೆ ಸಾರಾಂಶಕ್ಕೆ ಯಾವ ಕೊರತೆಯೂ ಆಗದು.

ದೊಡ್ಡವರೂ ಎಡವಿದ್ದಾರೆ

ಸಣ್ಣ ಅಂಗಡಿಯವರಿಗೆ ಮಾತ್ರ ಈ ಎಚ್ಚರಿಕೆ ಎಂದುಕೊಳ್ಳಬೇಡಿ. ಆಪಲ್ ಕಂಪನಿಯ ಫೋನಿನಲ್ಲಿ ಸುದ್ದಿಗಳನ್ನು ಎಐ ಸಂಕ್ಷೇಪಿಸಿ ತೋರಿಸುತ್ತಿತ್ತು. ಬಿಬಿಸಿಯ ಸುದ್ದಿಯನ್ನು ಅದು ತಪ್ಪಾಗಿ ಸಂಕ್ಷೇಪಿಸಿದಾಗ ಬಿಬಿಸಿ ದೂರಿತು. 2025ರ ಜನವರಿಯಲ್ಲಿ ಸುದ್ದಿಗಳ ಮಟ್ಟಿಗೆ ಆ ಸೌಲಭ್ಯವನ್ನೇ ಆಪಲ್ ತಡೆಹಿಡಿಯಿತು. ಅದೇ ವರ್ಷ ಡೆಲಾಯ್ಟ್ ಸಂಸ್ಥೆ ಆಸ್ಟ್ರೇಲಿಯಾ ಸರಕಾರಕ್ಕೆ ಕೊಟ್ಟ ವರದಿಯೊಂದರಲ್ಲಿ ಇಲ್ಲದ ಗ್ರಂಥಗಳ ಉಲ್ಲೇಖ ಕಂಡುಬಂತು. ವರದಿ ಸಿದ್ಧಪಡಿಸಲು ಎಐ ಬಳಸಿದ್ದನ್ನು ಸಂಸ್ಥೆ ತಿದ್ದಿದ ಪ್ರತಿಯಲ್ಲಿ ತಿಳಿಸಿ, ಪಡೆದ ಹಣದ ಒಂದು ಭಾಗವನ್ನು ಹಿಂದಿರುಗಿಸಲು ಒಪ್ಪಿತು. ಎರಡೂ ಕಡೆ ಉತ್ತರ ಹೇಳಬೇಕಾದದ್ದು ಸಂಸ್ಥೆ, ಯಂತ್ರವಲ್ಲ.

ಗಡಿಯ ಊರುಗಳಿಗೆ ಇದರ ಪ್ರಯೋಜನ

ಇಷ್ಟು ಹೇಳಿದ ಮಾತ್ರಕ್ಕೆ ಇದನ್ನು ದೂರ ಇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಊರುಗಳಲ್ಲಿ ಲೆಕ್ಕಪತ್ರ ಮರಾಠಿಯಲ್ಲೋ, ತೆಲುಗಿನಲ್ಲೋ, ತಮಿಳಿನಲ್ಲೋ, ಮಲಯಾಳದಲ್ಲೋ, ಇಲ್ಲವೇ ಇಂಗ್ಲಿಷಿನಲ್ಲೋ ಇರುತ್ತದೆ. ಸಹಕಾರ ಸಂಘದ ಸಭೆಯಲ್ಲಿ ಕುಳಿತ ಹಿರಿಯರೊಬ್ಬರಿಗೆ ಕನ್ನಡ ಮಾತ್ರ ಓದಲು ಬರುತ್ತಿದ್ದರೆ, ಇದುವರೆಗೆ ಅವರು ಬೇರೆಯವರ ಮಾತು ನಂಬಿ ಕೈ ಎತ್ತಬೇಕಿತ್ತು. ಈಗ ಅದೇ ವರದಿಯ ಸಾರಾಂಶವನ್ನು ಕನ್ನಡದಲ್ಲಿ ಪಡೆದು, ತಾವೇ ಓದಿ, ಪ್ರಶ್ನೆ ಕೇಳಬಹುದು. ಇದು ಸಣ್ಣ ಲಾಭವಲ್ಲ.

ಆದರೆ ಕನ್ನಡಕ್ಕೆ ಬರುವಾಗ ಅಂಕಿಯನ್ನು ಮತ್ತೊಮ್ಮೆ ತಾಳೆ ನೋಡಬೇಕು. ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ. ಮಿಲಿಯನ್ ಇದ್ದ ಜಾಗದಲ್ಲಿ ಲಕ್ಷ ಎಂದು ಬಂದುಬಿಟ್ಟರೆ ಹತ್ತು ಪಟ್ಟು ವ್ಯತ್ಯಾಸ. 1,200,000 ಎಂದು ಬರೆದದ್ದೂ 12,00,000 ಎಂದು ಬರೆದದ್ದೂ ಒಂದೇ ಮೊತ್ತ. ಅಲ್ಪವಿರಾಮದ ಸ್ಥಳ ನೋಡಿ ಗೊಂದಲಪಡಬಾರದು.

ನಮ್ಮ ಸಂಘದ ವಾರ್ಷಿಕ ಲೆಕ್ಕದ ಸಾರಾಂಶವನ್ನೂ ಯಂತ್ರದಿಂದ ಬರೆಸಬಾರದೇಕೆ ಎಂದು ಯುವ ಸದಸ್ಯರು ಸಲಹೆ ಕೊಟ್ಟಿದ್ದಾರೆ. ಬರೆಸಬಹುದು. ಖಜಾಂಚಿಯವರು ಪ್ರತಿ ಸಾಲಿನ ಮುಂದೆ ಖಾತೆ ಪುಸ್ತಕದ ಪುಟಸಂಖ್ಯೆ ಹಾಕಿ, ಸಹಿ ಮಾಡಿದ ನಂತರವೇ ಅದನ್ನು ಸಭೆಯ ಮುಂದೆ ಇಡೋಣ ಎಂಬುದು ನಮ್ಮ ಅಭಿಪ್ರಾಯ. ಸದಸ್ಯರು ತಮ್ಮ ಅನಿಸಿಕೆಯನ್ನು ಬರೆದು ತಿಳಿಸಬೇಕೆಂದು ಕೋರುತ್ತೇವೆ.

ಇಂತಿ,
ಕಾರ್ಯದರ್ಶಿ