ಬಾಲದ ಪುಟ್ಟ ಎಂಜಿನ್, ಪರದೆಯ ನಾಲ್ಕು ಅಂಕಿ

ವಿಮಾನ ಗೇಟು ಬಿಟ್ಟು ಹಿಂದಕ್ಕೆ ಸರಿಯುವ ಹೊತ್ತಿಗೆ ತಲೆಯ ಮೇಲಿನ ತಣ್ಣನೆಯ ಗಾಳಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಪಕ್ಕದ ಸೀಟಿನವರು ಕೈಯೆತ್ತಿ ಗಾಳಿಕಿಂಡಿಯನ್ನು ಅತ್ತಿತ್ತ ತಿರುಗಿಸಿ ನೋಡುತ್ತಾರೆ. ಏಸಿ ಕೆಟ್ಟಿರುವುದಿಲ್ಲ. ಅದಕ್ಕೆ ಹೋಗುತ್ತಿದ್ದ ಗಾಳಿಯೆಲ್ಲ ಈಗ ರೆಕ್ಕೆಯ ಕೆಳಗಿನ ದೊಡ್ಡ ಎಂಜಿನ್‌ಗಳನ್ನು ತಿರುಗಿಸಿ ಎಬ್ಬಿಸಲು ಬೇಕು. ಆ ಎರಡು ಮೂರು ನಿಮಿಷ ಪೈಲಟ್‌ಗಳ ಕಣ್ಣು ಪರದೆಯ ಮೇಲಿನ ಕೆಲವೇ ಅಂಕಿಗಳ ಮೇಲೆ ಇರುತ್ತದೆ. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ, ಒಂದು ಅಂಕಿ ಇನ್ನೊಂದಕ್ಕೆ ತಾಳೆಯಾಗುತ್ತಿದೆಯೇ ಎಂದು ಅವರು ನೋಡುತ್ತಿರುತ್ತಾರೆ. ಜೆಟ್ ಎಂಜಿನ್ ಓಡಿಸುವ ವಿದ್ಯೆಯ ತಿರುಳು ಈ ತಾಳೆ ನೋಡುವುದರಲ್ಲೇ ಇದೆ ಎಂದು ನನಗನಿಸುತ್ತದೆ.

ಮೊದಲು ಆ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಎ320 ಥರದ ವಿಮಾನದ ಬಾಲವನ್ನು ಹಿಂದಿನಿಂದ ನೋಡಿದರೆ ತುತ್ತತುದಿಯಲ್ಲಿ ಒಂದು ದುಂಡನೆಯ ತೂತು ಕಾಣುತ್ತದೆ. ಅದು ಒಳಗಿರುವ ಪುಟ್ಟ ಗ್ಯಾಸ್ ಟರ್ಬೈನ್‌ನ ಹೊಗೆಕೊಳವೆ. ಇದರ ಹೆಸರು ಆಕ್ಸಿಲರಿ ಪವರ್ ಯೂನಿಟ್, ವಿಮಾನದವರ ಬಾಯಲ್ಲಿ ಎಪಿಯು. ವಿಮಾನವನ್ನು ಇದು ಒಂದಂಗುಲವೂ ಮುಂದೆ ತಳ್ಳುವುದಿಲ್ಲ. ಕರೆಂಟು ಕೊಡುವುದು, ಒತ್ತಿದ ಗಾಳಿ ಕೊಡುವುದು, ಇಷ್ಟೇ ಇದರ ಕೆಲಸ. ಮೊದಮೊದಲ ಜೆಟ್ ವಿಮಾನಗಳಿಗೆ ಈ ಅನುಕೂಲ ಇರಲಿಲ್ಲ. ಅವು ಇಳಿದಲ್ಲೆಲ್ಲ ಗಾಳಿಯ ಗಾಡಿ, ಜನರೇಟರ್ ಗಾಡಿ ಬಂದು ನಿಲ್ಲಬೇಕಿತ್ತು. ಅಂಥ ಸೌಕರ್ಯವಿಲ್ಲದ ಸಣ್ಣ ಊರುಗಳಿಗೂ ಜೆಟ್ ಹೋಗಬೇಕೆಂದು ರೂಪಿಸಿದ ಬೋಯಿಂಗ್ 727, 1963ರಲ್ಲಿ ಮೊದಲು ಹಾರಿದಾಗ, ಟರ್ಬೈನ್ ಎಪಿಯುವನ್ನು ತನ್ನೊಳಗೇ ಹೊತ್ತಿದ್ದ ಮೊದಲ ಪ್ರಯಾಣಿಕ ಜೆಟ್ ಆಗಿತ್ತು.

ಎಪಿಯುವನ್ನು ಚಾಲೂ ಮಾಡಲು ವಿಮಾನದ ಬ್ಯಾಟರಿ ಸಾಕು. ಪೈಲಟ್ ತಲೆಯ ಮೇಲಿನ ಫಲಕದಲ್ಲಿ ಮಾಸ್ಟರ್ ಸ್ವಿಚ್ ಒತ್ತಿದರೆ ಬಾಲದಡಿಯ ಗಾಳಿಬಾಗಿಲು ತೆರೆದುಕೊಳ್ಳುತ್ತದೆ. ಆಮೇಲೆ ಸ್ಟಾರ್ಟ್ ಗುಂಡಿ. ಸುಮಾರು ಒಂದು ನಿಮಿಷದಲ್ಲಿ ಹಸಿರು ದೀಪ ಹೊತ್ತಿ ‘ನಾನು ಸಿದ್ಧ’ ಎಂದು ತಿಳಿಸುತ್ತದೆ. ಇದರ ಜನರೇಟರ್ 90 ಕೆವಿಎ ಸಾಮರ್ಥ್ಯದ್ದು, ದೊಡ್ಡ ಎಂಜಿನ್‌ಗಳ ಒಂದೊಂದು ಜನರೇಟರಿನಷ್ಟೇ. ನಮ್ಮ ಮನೆಯ ಕರೆಂಟು 50 ಹರ್ಟ್ಸ್ ಆದರೆ ವಿಮಾನದ್ದು 400 ಹರ್ಟ್ಸ್, 115 ವೋಲ್ಟ್. ಆವರ್ತನ ಹೆಚ್ಚಿದಷ್ಟೂ ಜನರೇಟರ್, ಟ್ರಾನ್ಸ್‌ಫಾರ್ಮರುಗಳ ಕಬ್ಬಿಣ ಕಡಿಮೆ ಸಾಕು. ಆಕಾಶಕ್ಕೆ ಎತ್ತಬೇಕಾದ ಯಂತ್ರದಲ್ಲಿ ಒಂದೊಂದು ಕಿಲೋವೂ ಲೆಕ್ಕಕ್ಕೆ ಬರುತ್ತದೆ.

ಎಪಿಯುಗೆ ಇನ್ನೊಂದು ವಿಶೇಷವಿದೆ. ನೆಲದ ಮೇಲೆ ಅದಕ್ಕೆ ಬೆಂಕಿ ಹತ್ತಿದರೆ ತಾನೇ ನಿಂತು, ಬೆಂಕಿ ನಂದಿಸುವ ಬಾಟಲಿಯನ್ನೂ ತಾನೇ ಸಿಡಿಸಿಕೊಳ್ಳುತ್ತದೆ. ಆಗ ಕಾಕ್‌ಪಿಟ್ಟಿನಲ್ಲಿ ಯಾರೂ ಇಲ್ಲದಿರಬಹುದು ಎಂದು ಈ ಏರ್ಪಾಡು. ಹಾರಾಟದಲ್ಲಿ ಹಾಗಲ್ಲ, ಅಲ್ಲಿ ತೀರ್ಮಾನ ಪೈಲಟ್‌ನದೇ.

ಸಾಮಾನ್ಯ ದಿನಗಳಲ್ಲಿ ಎಂಜಿನ್‌ಗಳು ಚಾಲೂ ಆದ ಮೇಲೆ ಎಪಿಯುವನ್ನು ನಿಲ್ಲಿಸಿಬಿಡುತ್ತಾರೆ, ಸುಮ್ಮನೆ ಇಂಧನ ಸುಡುವುದೇಕೆ ಎಂದು. ಆದರೆ 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾದಿಂದ ಮೇಲೆದ್ದ ಎ320 ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳ ಹಿಂಡಿಗೆ ನುಗ್ಗಿ, ಎರಡೂ ಎಂಜಿನ್‌ಗಳು ಬಲ ಕಳೆದುಕೊಂಡಾಗ ಕ್ಯಾಪ್ಟನ್ ಸಲೆನ್‌ಬರ್ಗರ್ ಕೈಹಾಕಿದ ಮೊದಲ ಕೆಲಸಗಳಲ್ಲಿ ಎಪಿಯು ಚಾಲೂ ಮಾಡುವುದೂ ಒಂದು. ಎರಡೂ ಎಂಜಿನ್ ಕೈಕೊಟ್ಟಾಗ ಅನುಸರಿಸುವ ಪಟ್ಟಿಯಲ್ಲಿ ಆ ಹೆಜ್ಜೆ ತೀರಾ ಕೆಳಗಿತ್ತು. ಆ ಪಟ್ಟಿ ಬಹಳ ಎತ್ತರದಲ್ಲಿ, ಸಮಯ ಕೈಯಲ್ಲಿರುವಾಗ ಓದಲು ಬರೆದದ್ದು. ಇವರಿಗೆ ಸಿಕ್ಕಿದ್ದು ಸುಮಾರು ಮೂರೂವರೆ ನಿಮಿಷ. ಎಪಿಯು ಕರೆಂಟು ಕೊಟ್ಟದ್ದರಿಂದ ವಿಮಾನದ ಹಾರಾಟ ನಿಯಂತ್ರಿಸುವ ಕಂಪ್ಯೂಟರುಗಳು ಪೂರ್ಣ ರಕ್ಷಣೆಯೊಂದಿಗೆ ಕೆಲಸ ಮಾಡಿದವು. ವೇಗ ಅಪಾಯಕಾರಿಯಾಗಿ ತಗ್ಗಿದಾಗಲೂ ಮೂತಿ ಮಿತಿಮೀರಿ ಮೇಲೇಳಲು ಅವು ಬಿಡಲಿಲ್ಲ. ಹಡ್ಸನ್ ನದಿಯ ಮೇಲೆ ಇಳಿದ ಆ ವಿಮಾನದ 155 ಮಂದಿಯೂ ಬದುಕಿದರು. ಎಪಿಯು ಬಗೆಗಿನ ಆ ನಿರ್ಧಾರವನ್ನು ತನಿಖಾ ವರದಿ ವಿಶೇಷವಾಗಿ ಎತ್ತಿ ಹೇಳಿತು. ನದಿಗೆ ಇಳಿಸಿದ ಕೌಶಲವನ್ನು ಜಗತ್ತು ಹೊಗಳಿತು. ಆ ಸಣ್ಣ ಗುಂಡಿಗೂ ಅದರಲ್ಲಿ ಪಾಲಿದೆ.

ಈಗ ಎಂಜಿನ್ ಚಾಲೂ ಮಾಡುವ ಗಳಿಗೆಗೆ ಬರೋಣ. ಎ320ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಿಎಫ್‌ಎಂ56 ಎಂಜಿನ್ನನ್ನೇ ತೆಗೆದುಕೊಳ್ಳುತ್ತೇನೆ. ಇದರೊಳಗೆ ಒಂದರೊಳಗೊಂದು ತೂರಿದ ಎರಡು ದಂಡಗಳಿವೆ. ಮುಂದೆ ನಮಗೆ ಕಾಣುವ ದೊಡ್ಡ ಫ್ಯಾನ್ ಒಂದು ದಂಡಕ್ಕೆ ಸೇರಿದ್ದು, ಅದರ ವೇಗ ಎನ್1. ನಡುವಿನ ಒತ್ತಡದ ಭಾಗ ಇನ್ನೊಂದು ದಂಡದ್ದು, ಅದರ ವೇಗ ಎನ್2. ಎರಡನ್ನೂ ಶೇಕಡಾವಾರು ತೋರಿಸುತ್ತಾರೆ. ಎನ್1 ನೂರು ಎಂದರೆ ನಿಮಿಷಕ್ಕೆ 5,000 ಸುತ್ತು. ಎನ್2 ನೂರು ಎಂದರೆ 14,460 ಸುತ್ತು, ಅಂದರೆ ಸೆಕೆಂಡಿಗೆ 240ಕ್ಕೂ ಹೆಚ್ಚು. ಇವೆರಡರ ಜೊತೆಗೆ ಇಜಿಟಿ ಎಂಬ ಬಿಸಿ ಅನಿಲದ ಉಷ್ಣತೆ ಮತ್ತು ಗಂಟೆಗೆ ಎಷ್ಟು ಕಿಲೋ ಇಂಧನ ಹರಿಯುತ್ತಿದೆ ಎಂಬ ಲೆಕ್ಕ. ಪರದೆಯ ಮೇಲಿನ ನಾಲ್ಕು ಮುಖ್ಯ ಅಂಕಿಗಳು ಇವೇ. ಆಯಿಲ್‌ನ ಒತ್ತಡ, ಉಷ್ಣತೆ, ಪ್ರಮಾಣ ಮತ್ತು ಎಂಜಿನ್ನಿನ ನಡುಕ ಕೆಳಗಿನ ಪರದೆಯಲ್ಲಿರುತ್ತವೆ.

ಪೈಲಟ್ ಎಂಜಿನ್ನಿನ ಮಾಸ್ಟರ್ ಸ್ವಿಚ್ ಎತ್ತುತ್ತಾರೆ. ಎಪಿಯುವಿನ ಗಾಳಿ ಸ್ಟಾರ್ಟ್ ವಾಲ್ವ್ ದಾಟಿ ನುಗ್ಗುತ್ತದೆ, ಎನ್2 ಏರತೊಡಗುತ್ತದೆ. ಇನ್ನೂ ಬೆಂಕಿಯಿಲ್ಲ, ಬರೀ ಗಾಳಿ ತಿರುಗಿಸುತ್ತಿದೆ. ಎನ್2 ಶೇ 16ಕ್ಕೆ ಬಂದಾಗ ಕಿಡಿ ಶುರು. ಶೇ 22ಕ್ಕೆ ಇಂಧನ. ಕೆಲವೇ ಕ್ಷಣದಲ್ಲಿ ಇಜಿಟಿ ನೆಗೆಯುತ್ತದೆ: ಬೆಂಕಿ ಹತ್ತಿತು. ಶೇ 50ಕ್ಕೆ ಸ್ಟಾರ್ಟ್ ವಾಲ್ವ್ ಮುಚ್ಚಿ, ಕಿಡಿಯೂ ನಿಂತು, ಎಂಜಿನ್ ತನ್ನ ಕಾಲ ಮೇಲೆ ತಾನು ಓಡತೊಡಗುತ್ತದೆ. ಕೊನೆಗೆ ಎನ್1 ಶೇ 19ರ ಆಸುಪಾಸು, ಎನ್2 ಶೇ 58ರ ಆಸುಪಾಸು, ಇಜಿಟಿ 400 ಡಿಗ್ರಿಯ ಹತ್ತಿರ ಬಂದು ನೆಲೆ ನಿಲ್ಲುತ್ತವೆ.

ಈ ಅನುಕ್ರಮಕ್ಕೆ ಕಾರಣವಿದೆ. ಕಮ್ಮಾರನ ಕುಲುಮೆಯಲ್ಲಿ ತಿದಿ ಮೊದಲು, ಕೆಂಡ ಆಮೇಲೆ. ಇಲ್ಲೂ ಹಾಗೇ. ಸಾಕಷ್ಟು ಗಾಳಿ ಹರಿಯುವ ಮುನ್ನ ಇಂಧನ ಬಿದ್ದರೆ ತಂಪುಗೊಳಿಸುವ ಗಾಳಿಯಿಲ್ಲದೆ ಶಾಖವೆಲ್ಲ ಟರ್ಬೈನ್ ಬ್ಲೇಡುಗಳ ಮೇಲೆ ಬೀಳುತ್ತದೆ. ಇದನ್ನು ಹಾಟ್ ಸ್ಟಾರ್ಟ್ ಎನ್ನುತ್ತಾರೆ. ಈ ಎಂಜಿನ್ನಿಗೆ ಸ್ಟಾರ್ಟ್ ಆಗುವಾಗ ಇಜಿಟಿ ಮಿತಿ 725 ಡಿಗ್ರಿ, ಟೇಕಾಫ್‌ನಲ್ಲಾದರೆ 950. ಪೂರ್ತಿ ವೇಗದಲ್ಲಿ ತಾಳುವ ಉಷ್ಣತೆಯನ್ನು ನಿಧಾನವಾಗಿ ತಿರುಗುವಾಗ ಎಂಜಿನ್ ತಾಳದು. ಹಾಗಾಗಿ ಇಜಿಟಿಯನ್ನು ಬಿಡಿಯಾಗಿ ಓದಿದರೆ ಅರ್ಥವಾಗುವುದಿಲ್ಲ, ಎನ್2 ಪಕ್ಕದಲ್ಲಿಟ್ಟು ಓದಬೇಕು. ಇಜಿಟಿ ಏರುತ್ತಿದ್ದು ಎನ್2 ಏರದೆ ನಿಂತರೆ ಅಪಾಯ. ಇಂಧನ ಹರಿಯುತ್ತಿದ್ದು ಇಜಿಟಿ ಏರದಿದ್ದರೆ ಬೆಂಕಿ ಹತ್ತಿಲ್ಲ, ಒಳಗೆ ಇಂಧನ ತುಂಬುತ್ತಿದೆ ಎಂದರ್ಥ. ನೆಲದ ಮೇಲಿನ ಸ್ಟಾರ್ಟ್‌ನಲ್ಲಿ ಇದನ್ನೆಲ್ಲ ಎಂಜಿನ್ನಿನ ಮೇಲೇ ಕೂತ ಫ್ಯಾಡೆಕ್ ಎಂಬ ಕಂಪ್ಯೂಟರ್ ಗಮನಿಸಿ, ತಪ್ಪಿದರೆ ಇಂಧನ ನಿಲ್ಲಿಸಿ, ಬರೀ ಗಾಳಿಯಿಂದ ಎಂಜಿನ್ ತಿರುಗಿಸಿ ಒಳಗುಳಿದದ್ದನ್ನು ಹೊರಹಾಕುತ್ತದೆ. ಈ ಕಂಪ್ಯೂಟರಿಗೆ ಎರಡು ಪ್ರತ್ಯೇಕ ಮಿದುಳುಗಳಿವೆ. ಎಂಜಿನ್ ಓಡುತ್ತಿರುವಾಗ ಅದಕ್ಕೆ ತನ್ನದೇ ಪುಟ್ಟ ಆಲ್ಟರ್ನೇಟರಿನಿಂದ ಕರೆಂಟು ಸಿಗುತ್ತದೆ. ಇಡೀ ವಿಮಾನದ ದೀಪ ಆರಿದರೂ ಎಂಜಿನ್ ಓಡುತ್ತಲೇ ಇರುವುದು ಈ ಕಾರಣಕ್ಕೆ.

ಹೊಸ ಎಂಜಿನ್‌ಗಳು ಎಲ್ಲದರಲ್ಲೂ ಸಲೀಸು ಎಂದೇನೂ ಇಲ್ಲ. 2016ರಲ್ಲಿ ಭಾರತಕ್ಕೂ ಬಂದ ಎ320 ನಿಯೋದ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳು ಶುರುವಿನಲ್ಲಿ ಸ್ಟಾರ್ಟ್ ಆಗಲು ಹಲವು ನಿಮಿಷ ತೆಗೆದುಕೊಳ್ಳುತ್ತಿದ್ದವು. ಎಂಜಿನ್ ನಿಲ್ಲಿಸಿದ ಮೇಲೆ ಬಿಸಿ ಗಾಳಿ ಮೇಲ್ಭಾಗದಲ್ಲಿ ಸೇರುತ್ತದೆ, ದಂಡದ ಕೆಳಭಾಗ ಬೇಗ ತಣಿಯುತ್ತದೆ, ದಂಡ ಕೂದಲೆಳೆಯಷ್ಟು ಬಾಗುತ್ತದೆ. ಅದನ್ನು ನಿಧಾನಕ್ಕೆ ತಿರುಗಿಸಿ ನೇರ ಮಾಡಿಕೊಂಡ ನಂತರವೇ ಇಂಧನ ಕೊಡಬೇಕಿತ್ತು.

ತಾಳೆ ನೋಡುವುದು ತಪ್ಪಿದರೆ ಏನಾಗುತ್ತದೆ? 1989ರ ಜನವರಿ 8ರಂದು ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟ ಬೋಯಿಂಗ್ 737-400 ಸುಮಾರು 28,000 ಅಡಿ ಏರಿದಾಗ ಎಡ ಎಂಜಿನ್ನಿನ ಒಂದು ಫ್ಯಾನ್ ಬ್ಲೇಡ್ ಮುರಿಯಿತು. ವಿಮಾನ ನಡುಗಿತು, ಹೊಗೆವಾಸನೆ ಬಂತು. ಪೈಲಟ್‌ಗಳು ನಿಲ್ಲಿಸಿದ್ದು ಬಲ ಎಂಜಿನ್ನನ್ನು. ಬಲದ ಥ್ರಾಟಲ್ ಹಿಂದೆಳೆದಾಗ ಸ್ವಯಂಚಾಲಿತ ಥ್ರಾಟಲ್ ಕಳಚಿ, ಎಡ ಎಂಜಿನ್ನಿಗೂ ಇಂಧನ ತಗ್ಗಿ ನಡುಕ ಕಡಿಮೆಯಾಯಿತು. ಇದರಿಂದ ತಮ್ಮ ತೀರ್ಮಾನ ಸರಿ ಎಂದೇ ಅವರಿಗೆ ಅನಿಸಿತು. ಎಡ ಎಂಜಿನ್ನಿನ ನಡುಕದ ಮಾಪಕ ಮಾತ್ರ ಸತ್ಯವನ್ನೇ ಹೇಳುತ್ತಿತ್ತು. ಆದರೆ ಅದು ಬಹಳ ಸಣ್ಣದು. ಹಿಂದಿನ ವಿಮಾನಗಳಲ್ಲಿ ಅಂಥ ಮಾಪಕಗಳನ್ನು ನಂಬುವಂತಿರಲಿಲ್ಲವಾದ್ದರಿಂದ ಅದನ್ನು ಗಂಭೀರವಾಗಿ ನೋಡುವ ರೂಢಿಯೂ ಇರಲಿಲ್ಲ. ಹಿಂದೆ ಕೂತ ಕೆಲವರು ಎಡಗಡೆ ಬೆಂಕಿ ಕಂಡಿದ್ದರು. ಬಲ ಎಂಜಿನ್ನಿಗೆ ತೊಂದರೆಯಾಗಿದೆ ಎಂಬ ಕ್ಯಾಪ್ಟನ್ನರ ಪ್ರಕಟಣೆಯನ್ನೂ ಕೇಳಿದರು. ಅದನ್ನು ಕಾಕ್‌ಪಿಟ್ಟಿಗೆ ಯಾರೂ ಮುಟ್ಟಿಸಲಿಲ್ಲ. ಇಳಿಯುವಾಗ ಹೆಚ್ಚು ಶಕ್ತಿ ಬೇಕೆಂದು ಥ್ರಾಟಲ್ ಮುಂದೂಡಿದಾಗ ಎಡ ಎಂಜಿನ್ ಪೂರ್ತಿ ಸೋತು, ಕೆಗ್‌ವರ್ತ್ ಊರಿನ ಬಳಿ ಹೆದ್ದಾರಿಯ ದಿಬ್ಬಕ್ಕೆ ಅಪ್ಪಳಿಸಿದ ಆ ವಿಮಾನದ 126 ಮಂದಿಯಲ್ಲಿ 47 ಮಂದಿ ಸತ್ತರು. ಇದನ್ನು ಬರೀ ಪೈಲಟ್‌ಗಳ ತಪ್ಪು ಎಂದು ಮುಗಿಸುವುದು ಅನ್ಯಾಯ. ಪ್ರಾಣ ಉಳಿಸಬಲ್ಲ ಅಂಕಿಯನ್ನು ಮೂಲೆಯಲ್ಲಿ, ಎಚ್ಚರಿಕೆಯ ದೀಪವೂ ಇಲ್ಲದೆ ಇಟ್ಟವರಿಗೂ ಅದರಲ್ಲಿ ಪಾಲಿದೆ.

ಇದಕ್ಕಿಂತ ಸೂಕ್ಷ್ಮವಾದದ್ದು 2001ರ ಆಗಸ್ಟ್ 24ರ ಪ್ರಕರಣ. ಟೊರಾಂಟೊದಿಂದ ಲಿಸ್ಬನ್ನಿಗೆ 306 ಜನರನ್ನು ಹೊತ್ತು ಅಟ್ಲಾಂಟಿಕ್ ದಾಟುತ್ತಿದ್ದ ಎ330ರಲ್ಲಿ ಬಲ ಎಂಜಿನ್ನಿನ ಆಯಿಲ್ ವಿಚಿತ್ರವಾಗಿ ವರ್ತಿಸಿತು: ಉಷ್ಣತೆ ಕಡಿಮೆ, ಪ್ರಮಾಣ ಕಡಿಮೆ, ಒತ್ತಡ ಮಾತ್ರ ಹೆಚ್ಚು. ಆಯಿಲ್ ಕಡಿಮೆಯಾದರೆ ಬಿಸಿ ಏರಬೇಕು, ಒತ್ತಡ ಇಳಿಯಬೇಕು. ಇಲ್ಲಿ ಎಲ್ಲ ತಿರುಗಾಮುರುಗಾ. ಅಂಕಿಗಳೇ ಸುಳ್ಳಿರಬೇಕು ಎಂದು ಪೈಲಟ್‌ಗಳು ಶಂಕಿಸಿದರು. ನಿಜ ಸಂಗತಿ ಬೇರೆ. ಎಂಜಿನ್ನಿನ ಆಯಿಲ್ ತಣಿಯುವುದು ತಣ್ಣನೆಯ ಇಂಧನದ ಕೊಳವೆಗಳ ಮಗ್ಗುಲಲ್ಲಿ ಹರಿದು. ಇಂಧನದ ಕೊಳವೆ ಒಡೆದು ಸೋರುತ್ತಿತ್ತು, ಹಾಗಾಗಿ ಆ ದಾರಿಯಲ್ಲಿ ಎಂದಿಗಿಂತ ಹೆಚ್ಚು ಇಂಧನ ಹರಿದು ಆಯಿಲ್ ಅತಿಯಾಗಿ ತಣಿಯಿತು. ತಣಿದ ಆಯಿಲ್ ಗಟ್ಟಿಯಾಗಿ ಒತ್ತಡ ಏರಿತು. ಇಂಧನದ ಸೋರಿಕೆಯ ಮೊದಲ ಸುಳಿವು ಸಿಕ್ಕಿದ್ದು ಆಯಿಲ್‌ನಲ್ಲಿ! ಸುಮಾರು ಅರ್ಧ ಗಂಟೆ ಕಳೆದು ಎರಡು ರೆಕ್ಕೆಗಳ ಇಂಧನದಲ್ಲಿ ವ್ಯತ್ಯಾಸ ಕಂಡಾಗ ಎಡಗಡೆಯ ಇಂಧನವನ್ನು ಬಲಕ್ಕೆ ಹರಿಸಿದರು, ಅದೂ ಸೋರಿಹೋಯಿತು. ಎರಡೂ ಎಂಜಿನ್ ನಿಂತವು. ಎಪಿಯುಗೂ ಅದೇ ಇಂಧನ ಬೇಕಾದ್ದರಿಂದ ಅದೂ ಪ್ರಯೋಜನಕ್ಕೆ ಬರಲಿಲ್ಲ. ರೆಕ್ಕೆಯಡಿಯಿಂದ ಹೊರಚಾಚಿ ಎದುರುಗಾಳಿಗೆ ತಿರುಗುವ ಪುಟ್ಟ ಗಾಳಿಚಕ್ರವೊಂದೇ ಆಸರೆ. ಕ್ಯಾಪ್ಟನ್ ರಾಬರ್ಟ್ ಪಿಶೆ ಸುಮಾರು 19 ನಿಮಿಷ ತೇಲಿಸಿಕೊಂಡೇ ಹೋಗಿ ಅಜೋರ್ಸ್ ದ್ವೀಪಗಳ ಲಾಜೆಸ್‌ನಲ್ಲಿ ಇಳಿಸಿದರು. ಎಲ್ಲರೂ ಉಳಿದರು.

ಇಷ್ಟೆಲ್ಲ ಹೇಳಿದ ಮೇಲೆ ಇಂದು ಅಂಕಿ ಓದುವವರು ಪೈಲಟ್‌ಗಳಷ್ಟೇ ಅಲ್ಲ ಎಂಬುದನ್ನೂ ಹೇಳಬೇಕು. ಪ್ರತಿ ಟೇಕಾಫ್‌ನ, ಮೇಲಿನ ನಿರಾತಂಕ ಹಾರಾಟದ ಅಂಕಿಗಳನ್ನು ವಿಮಾನ ತಾನಾಗಿ ನೆಲಕ್ಕೆ ಕಳಿಸುತ್ತದೆ. ಅಲ್ಲಿನ ಎಂಜಿನಿಯರುಗಳು ಹೆಚ್ಚಾಗಿ ಹುಡುಕುವುದು ಇಜಿಟಿ ಮಾರ್ಜಿನ್ನನ್ನು. ಅಂದರೆ ಪೂರ್ಣ ಬಲದ ಟೇಕಾಫ್‌ನಲ್ಲಿ ಕೆಂಪು ಗೆರೆಗೆ ಇನ್ನೆಷ್ಟು ಡಿಗ್ರಿ ಬಾಕಿ ಎಂಬ ಲೆಕ್ಕ. ಹೊಸ ಎಂಜಿನ್ನಿಗೆ ಈ ಅಂತರ ಹೆಚ್ಚು. ಬ್ಲೇಡಿನ ತುದಿ ಸವೆದು ಕವಚದ ನಡುವೆ ಸಂದು ಬಿದ್ದಂತೆ, ಧೂಳು ಕೂತಂತೆ, ಅಷ್ಟೇ ಬಲಕ್ಕೆ ಹೆಚ್ಚು ಇಂಧನ ಸುಡಬೇಕಾಗಿ ಅಂತರ ಕರಗುತ್ತದೆ. ನಮ್ಮಂಥ ಬಿಸಿಲು ಧೂಳಿನ ನಾಡಿನಲ್ಲಿ ಇನ್ನೂ ಬೇಗ.

ಅದಕ್ಕೇ ಪೈಲಟ್‌ಗಳು ಸಾಧ್ಯವಿದ್ದಾಗಲೆಲ್ಲ ಪೂರ್ಣ ಬಲ ಬಳಸುವುದಿಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಗಳು 4,000 ಮೀಟರ್ ಉದ್ದ. ಹಗುರವಾಗಿ ತುಂಬಿದ ಎ320ಗೆ ಅಷ್ಟು ಬೇಕಿಲ್ಲ. ಆಗ ಹೊರಗೆ 25 ಡಿಗ್ರಿ ಇದ್ದರೂ 50 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯೊಂದನ್ನು ಲೆಕ್ಕ ಹಾಕಿ ಕಂಪ್ಯೂಟರಿಗೆ ಕೊಡುತ್ತಾರೆ. ಅಂಥ ಕಡು ಬಿಸಿಲಲ್ಲಿ ಎಷ್ಟು ಬಲ ಸಿಗುತ್ತಿತ್ತೋ ಎಂಜಿನ್ ಅಷ್ಟನ್ನೇ ಕೊಡುತ್ತದೆ. ಈ ವಿಧಾನದಲ್ಲಿ ಶೇ 25ರವರೆಗೂ ಬಲ ತಗ್ಗಿಸಬಹುದು. ಅಷ್ಟು ಶಾಖ ಉಳಿದರೆ ಬ್ಲೇಡುಗಳ ಆಯಸ್ಸು ಹೆಚ್ಚುತ್ತದೆ. ಅಗತ್ಯ ಬಿದ್ದರೆ ಥ್ರಾಟಲ್ ಲಿವರನ್ನು ಪೂರ್ತಿ ಮುಂದೂಡುವ ದಾರಿ ತೆರೆದೇ ಇರುತ್ತದೆ.

ಕರಗಿದ ಅಂತರದಲ್ಲಿ ಸ್ವಲ್ಪವನ್ನು ಮರಳಿ ಪಡೆಯುವ ಸರಳ ಉಪಾಯ ನೀರು. ಎಂಜಿನ್ ತಣಿದ ಮೇಲೆ ಸ್ಟಾರ್ಟರಿನಿಂದ ಬೆಂಕಿಯಿಲ್ಲದೆ ತಿರುಗಿಸುತ್ತಾ ಮುಂದಿನಿಂದ ನೀರು ಚಿಮ್ಮಿಸಿ ಕಂಪ್ರೆಸರಿನ ಕೊಳೆ ತೊಳೆಯುತ್ತಾರೆ. ಮುಂದಿನ ಟೇಕಾಫ್‌ಗಳ ಅಂಕಿ ಬಂದಾಗ ಇಜಿಟಿ ಕೆಲವು ಡಿಗ್ರಿ ಇಳಿದಿದ್ದರೆ ದೋಷ ಬರೀ ಕೊಳೆಯದು. ಇಳಿಯದೆ, ಅದೇ ವಿಮಾನದ ಇನ್ನೊಂದು ಎಂಜಿನ್ನಿಗೆ ಹೋಲಿಸಿದರೆ ಏರುತ್ತಲೇ ಹೋದರೆ, ತಂತ್ರಜ್ಞರು ಸಣ್ಣ ಕಿಂಡಿಯಿಂದ ಬೋರೋಸ್ಕೋಪ್ ಎಂಬ ಕ್ಯಾಮೆರಾ ತೂರಿಸಿ ಟರ್ಬೈನ್ ಬ್ಲೇಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾರೆ. ಅಂಚು ಸುಟ್ಟಿದ್ದರೆ, ಬಿರುಕು ಮಿತಿ ಮೀರಿದ್ದರೆ, ಪೈಲಟ್‌ಗಳ ಪರದೆಯಲ್ಲಿ ಒಂದು ಎಚ್ಚರಿಕೆಯೂ ಬಂದಿರದಿದ್ದರೂ ಆ ಎಂಜಿನ್ನನ್ನು ರೆಕ್ಕೆಯಿಂದ ಇಳಿಸುತ್ತಾರೆ.