ಒಹಾಯೊ ತೀರದ ಗಡಿನಗರ ಸಿನ್ಸಿನಾಟಿ

ಗಡಿಯೂರಿನಲ್ಲಿ ಬಾಳುವವರು ಭೂಪಟವನ್ನು ನೋಡುವ ರೀತಿಯೇ ಬೇರೆ. ಊರುಗಳಿಗಿಂತ ಮೊದಲು ಗೆರೆಗಳತ್ತ ಕಣ್ಣು ಹೋಗುತ್ತದೆ. ಮಕ್ಕಳಿಗೆ ಅಮೆರಿಕದ ಭೂಪಟವನ್ನು ತೋರಿಸುವಾಗ ನಮ್ಮ ಬೆರಳು ಒಹಾಯೊ ನದಿಯ ಮೇಲೆ ತಡೆದು ನಿಲ್ಲುವುದುಂಟು. ಅಲ್ಲಿ ನದಿಯೇ ಗಡಿ. ಉತ್ತರಕ್ಕೆ ಒಹಾಯೊ ರಾಜ್ಯ, ದಕ್ಷಿಣಕ್ಕೆ ಕೆಂಟಕಿ. ಉತ್ತರದ ದಡದಲ್ಲಿರುವ ಸಿನ್ಸಿನಾಟಿ ನಗರವನ್ನು ವಾಚಕರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

1788ರಲ್ಲಿ ನೆಲೆಗೊಂಡ ಈ ಊರಿನ ಮೊದಲ ಹೆಸರು ಲೊಸಾಂಟಿವಿಲ್. ಇಂದಿನ ಹೆಸರು ಬಂದುದು 1790ರಲ್ಲಿ. ಯುದ್ಧ ಮುಗಿದೊಡನೆ ಅಧಿಕಾರವನ್ನು ತೊರೆದು ನೇಗಿಲಿಗೆ ಮರಳಿದನೆಂದು ಖ್ಯಾತನಾದ ರೋಮಿನ ಸಿನ್ಸಿನಾಟಸನ ನೆನಪು ಅದರಲ್ಲಿದೆ. ಹಬೆಹಡಗುಗಳು ಬಂದ ಮೇಲೆ ವ್ಯಾಪಾರ ಬೆಳೆಯಿತು. ಹಂದಿಮಾಂಸದ ಉದ್ಯಮ ಇಲ್ಲಿ ಪ್ರಸಿದ್ಧವಾಯಿತು. ಅದರ ಕೊಬ್ಬಿನಿಂದ ಸಾಬೂನು, ಮೇಣದಬತ್ತಿಗಳು ತಯಾರಾದವು. ಮೇಣದಬತ್ತಿಯ ವಿಲಿಯಂ ಪ್ರಾಕ್ಟರ್ ಮತ್ತು ಸಾಬೂನಿನ ಜೇಮ್ಸ್ ಗ್ಯಾಂಬಲ್ ಷಡ್ಡಕರು. ಮಾವನ ಮಾತಿನಂತೆ 1837ರಲ್ಲಿ ಇವರಿಬ್ಬರೂ ಕೂಡಿ ಹೂಡಿದ ವ್ಯವಹಾರವು ಇಂದು ಜಗತ್ತಿನ ಮನೆಮನೆಯನ್ನೂ ಮುಟ್ಟಿದೆ. 1950ರಲ್ಲಿ 5,03,998 ಇದ್ದ ನಗರದ ಜನಸಂಖ್ಯೆ 2020ರ ಗಣತಿಯಲ್ಲಿ 3,09,317.

ಈ ನದಿ ಒಂದು ಕಾಲದಲ್ಲಿ ಕಠೋರವಾದ ಗಡಿಯಾಗಿತ್ತು. ದಕ್ಷಿಣ ದಡದಲ್ಲಿ ಗುಲಾಮಗಿರಿ ಕಾನೂನುಸಮ್ಮತ, ಉತ್ತರದಲ್ಲಿ ನಿಷಿದ್ಧ. ಎಷ್ಟೋ ಮಂದಿ ಕಪ್ಪುಜನರು ಪ್ರಾಣದ ಹಂಗು ತೊರೆದು ಹೊಳೆ ದಾಟಿದರು. 1832ರಿಂದ 1850ರವರೆಗೆ ಇಲ್ಲಿ ವಾಸವಾಗಿದ್ದ ಹ್ಯಾರಿಯೆಟ್ ಬೀಚರ್ ಸ್ಟೋ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಗೆ ಈ ದಡದ ಅನುಭವವೂ ಒದಗಿಬಂದಿತು. 1866ರಲ್ಲಿ ಜಾನ್ ರೋಬ್ಲಿಂಗ್ ಕಟ್ಟಿದ ತೂಗುಸೇತುವೆ ಎರಡು ದಡಗಳನ್ನು ಬೆಸೆಯಿತು. 1937ರ ಜನವರಿಯಲ್ಲಿ ನೀರಿನ ಮಟ್ಟ 80 ಅಡಿಗೇರಿ ನಗರವನ್ನು ಮುಳುಗಿಸಿದಾಗಲೂ ಆ ಸೇತುವೆ ನಿಂತಿತು.

ರೋಬ್ಲಿಂಗ್ ಜರ್ಮನಿಯಿಂದ ಬಂದವರು. ಈ ನಗರದಲ್ಲೂ ಜರ್ಮನರು ಬಹು ಸಂಖ್ಯೆಯಲ್ಲಿ ನೆಲೆಸಿದ್ದರು. ಅವರ ಕೇರಿಗೂ ಪೇಟೆಗೂ ನಡುವೆ ಕಾಲುವೆಯೊಂದಿತ್ತು. ಅದನ್ನು ತಮ್ಮ ನಾಡಿನ ರೈನ್ ನದಿಗೆ ಹೋಲಿಸಿ ಕೇರಿಯನ್ನು ‘ಓವರ್ ದ ರೈನ್’, ಅಂದರೆ ರೈನಿನಾಚೆ, ಎಂದು ಕರೆದರು. 1840ರಿಂದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಯುತ್ತಿದ್ದರು. ಅಧ್ಯಾಪಕರಾದ ನಮಗೆ ಈ ನಗರದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಟ್ಟುವುದು ಇದೇ.

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕವು ಜರ್ಮನಿಯ ವಿರುದ್ಧ ನಿಂತಿತು. 1918ರಲ್ಲಿ ಬೀದಿಗಳ ಜರ್ಮನ್ ಹೆಸರುಗಳು ಬದಲಾದವು. ಬ್ರೆಮೆನ್ ಬೀದಿ ರಿಪಬ್ಲಿಕ್ ಬೀದಿಯಾಯಿತು. 1919ರಲ್ಲಿ ಒಹಾಯೊ ರಾಜ್ಯವು ಕೆಳತರಗತಿಗಳಲ್ಲಿ ಜರ್ಮನ್ ಬೋಧನೆಯನ್ನು ನಿಷೇಧಿಸಿತು. 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇಂತಹ ಕಾನೂನುಗಳನ್ನು ತಳ್ಳಿಹಾಕಿತು. ಹಕ್ಕು ಮರಳಿತು, ಹಳೆಯ ತರಗತಿಗಳು ಮರಳಲಿಲ್ಲ. ಸರಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಜರ್ಮನ್ ಮತ್ತೆ ಕೇಳಿಬರಲು 1970ರ ದಶಕ ಬರಬೇಕಾಯಿತು.

ತರಗತಿಯೊಂದನ್ನು ಮುಚ್ಚಲು ಒಂದು ಆಜ್ಞೆ ಸಾಕು. ಅದನ್ನು ಮತ್ತೆ ತೆರೆಯಲು ಕಲಿಸುವವರು ಬೇಕು, ಕಲಿಯುವ ಮಕ್ಕಳು ಬೇಕು, ಕಳುಹಿಸುವ ತಂದೆತಾಯಿಗಳು ಬೇಕು. ಜೂನ್ ತಿಂಗಳಲ್ಲಿ ಹಾಜರಿಪಟ್ಟಿಯನ್ನು ತೆರೆದು ಕನ್ನಡ ವಿಭಾಗದ ಹೆಸರುಗಳನ್ನು ಎಣಿಸುವಾಗ, ದೂರದ ಆ ಹೊಳೆಯೂರು ನಮ್ಮ ಮನಸ್ಸಿಗೆ ಬರುತ್ತದೆ.