ಒಕ್ಕಲಮನೆಯ ಕುದುರೆಲಾಯವೂ ಮನೆಯ ಮಕ್ಕಳೂ

ಕುದುರೆ ಸಾಕುವುದು ಅರಸುಮನೆಗಳಿಗೂ ಸೈನ್ಯಕ್ಕೂ ಮಾತ್ರ ಸೇರಿದ ಕಾರ್ಯವೆಂಬ ಭಾವನೆಯು ಜನರಲ್ಲಿ ಬಹುವಾಗಿರುವುದು. ತುಮಕೂರು ಜಿಲ್ಲೆಯ ಕುಣಿಗಲಿನಲ್ಲಿ ಟಿಪ್ಪೂಸುಲ್ತಾನನ ಕಾಲದಿಂದಲೂ ಕುದುರೆಗಳನ್ನು ಬೆಳೆಸುತ್ತ ಬಂದಿರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಬೆಳಗಾವಿ ಸೀಮೆಯ ಕುರುಬರು ಕುರಿಮಂದೆಯ ಸಂಗಡ ವಲಸೆ ಹೋಗುವಾಗ ಪಾತ್ರೆ ಪದಾರ್ಥಗಳನ್ನೂ ಎಳೆಯ ಕುರಿಮರಿಗಳನ್ನೂ, ಒಮ್ಮೊಮ್ಮೆ ತಮ್ಮ ಕೂಸುಗಳನ್ನೂ ತಟ್ಟುಗಳ ಬೆನ್ನಿನ ಮೇಲೆಯೇ ಸಾಗಿಸುವರು. ಹೀಗೆ ಕುದುರೆಯು ಸಾಮಾನ್ಯ ಸಂಸಾರಗಳಿಗೂ ಸೇರಿದ ಪ್ರಾಣಿಯೇ ಸರಿ.

ದೇಶದಲ್ಲಿ ಕುದುರೆಗಳ ಸಂಖ್ಯೆಯು ಶೀಘ್ರವಾಗಿ ಇಳಿಯುತ್ತ ಬಂದಿದೆ. 2012ರ ಜಾನುವಾರು ಗಣತಿಯಲ್ಲಿ ಕುದುರೆ ತಟ್ಟುಗಳು ಸುಮಾರು 6.25 ಲಕ್ಷವಿದ್ದುವು; 2019ರ ಗಣತಿಯಲ್ಲಿ ಸುಮಾರು 3.4 ಲಕ್ಷ ಮಾತ್ರವೇ ಕಂಡುಬಂದುವು. ಪ್ರಾಣಿಯು ಕಡಿಮೆಯಾದಂತೆ ಅದನ್ನು ಬಲ್ಲವರೂ ಕಡಿಮೆಯಾಗುವರು. ಲಾಳ ಕಟ್ಟುವವನನ್ನೂ, ಹೊಟ್ಟೆಶೂಲೆಯನ್ನು ನೋಡಿದೊಡನೆ ಗುರುತಿಸುವ ಹಿರಿಯನನ್ನೂ ಪಕ್ಕದ ಬೀದಿಯಲ್ಲಿ ಹುಡುಕಿದರೆ ಸಿಕ್ಕುವ ಕಾಲವು ಈಗ ಇಲ್ಲ. ಆದುದರಿಂದ ಒಂದೆರಡು ಕುದುರೆಗಳನ್ನು ಸಾಕುವ ಕುಟುಂಬವು ಆ ತಿಳಿವಳಿಕೆಯನ್ನು ತನ್ನ ಮನೆಯೊಳಗೇ ಬೆಳೆಸಿಕೊಳ್ಳಬೇಕಾಗಿದೆ. ಅದು ಬೆಳೆಯುವುದು ಪ್ರತಿದಿನದ ಕ್ರಮದಿಂದ. ಉಳಿಯುವುದು ಮನೆಯ ಮಕ್ಕಳಲ್ಲಿ.

ದೃಷ್ಟಾಂತಕ್ಕಾಗಿ ಮೈದಾನಸೀಮೆಯ ಒಂದು ಒಕ್ಕಲಮನೆಯನ್ನು ಭಾವಿಸಬಹುದು. ಸುಮಾರು 300 ಕಿಲೋಗ್ರಾಂ ತೂಕದ ಎರಡು ಹೆಣ್ಣುಕುದುರೆಗಳು, ಒಂದು ಮರಿ, ಎರಡು ಹಸು, ಒಂದು ಮೇಕೆ, ಕೆಲವು ಕೋಳಿಗಳು, ಒಂದು ನಾಯಿ. ಮನೆಯಲ್ಲಿ ಗಂಡ ಹೆಂಡತಿ, ಅಜ್ಜಿ, ಮೂವರು ಮಕ್ಕಳು. ಇಂಥ ಮನೆಯ ದಿನಚರಿಯು ಹೇಗಿರತಕ್ಕದ್ದೆಂಬುದನ್ನು ಇಲ್ಲಿ ವಿವರಿಸಿದೆ.

ಬೆಳಗಿನ ಕೆಲಸ

ಬೆಳಕು ಹರಿಯುವುದಕ್ಕೆ ಮುಂಚೆಯೇ ಲಾಯದಲ್ಲಿ ಸದ್ದು ಕೇಳಿಬರುವುದು. ಮನೆಯ ಬಾಗಿಲಿನ ಅಗಳಿ ಸರಿದೊಡನೆ ಕುದುರೆಗಳು ಕಿವಿ ನೆಟ್ಟಗೆ ಮಾಡಿ ಕೆನೆಯುವುವು. ಮೊದಲ ಕೆಲಸವು ಮೇವಲ್ಲ, ನೋಡುವುದು. ರಾತ್ರಿಯ ಮೇವನ್ನು ತಿಂದಿದೆಯೇ, ನೀರು ಎಷ್ಟು ಇಳಿದಿದೆ, ಲದ್ದಿ ಎಷ್ಟು ಸಲ ಹಾಕಿದೆ, ನಾಲ್ಕು ಕಾಲುಗಳ ಮೇಲೂ ಸಮನಾಗಿ ನಿಂತಿದೆಯೇ ಎಂಬ ಈ ನಾಲ್ಕನ್ನು ನೋಡಿದ ಮೇಲೆಯೇ ಗೋದಲಿಗೆ ಕೈಹಾಕತಕ್ಕದ್ದು.

ಹತ್ತು ಹನ್ನೆರಡು ವರ್ಷದ ಹುಡುಗನಿಗೋ ಹುಡುಗಿಗೋ ಈ ಕೆಲಸವನ್ನು ವಹಿಸಿ, ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಮಾಡುವುದು ಬಹು ಪ್ರಯೋಜನಕರವು. ಆರೋಗ್ಯದಿಂದಿರುವ ಕುದುರೆಯು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುವುದು. ಇದು ನಿಂತುಹೋಗುವುದು ಹೊಟ್ಟೆಶೂಲೆಯ ಒಂದು ಮುನ್ಸೂಚನೆ. ಮುಂಗಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುವುದು, ಮಲಗಿ ಹೊರಳುವುದು, ಕಾರಣವಿಲ್ಲದೆ ಬೆವರುವುದು ಇವು ಇತರ ಲಕ್ಷಣಗಳು. ಕುದುರೆಗೆ ವಾಂತಿ ಮಾಡುವ ಶಕ್ತಿ ಇಲ್ಲ. ಆದುದರಿಂದ ಹೊಟ್ಟೆಯೊಳಗಿನ ತೊಂದರೆಯು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯವಾಗಬಹುದು. ಮಗುವು ಓಡಿಬಂದು “ಅಪ್ಪಾ, ಇವತ್ತು ಲದ್ದಿಯೇ ಇಲ್ಲ” ಎಂದು ಹೇಳಿದರೆ ಅದನ್ನು ಮಕ್ಕಳ ಮಾತೆಂದು ತಳ್ಳಿಹಾಕದೆ, ಮೇವನ್ನು ತೆಗೆದುಬಿಟ್ಟು ತಕ್ಷಣವೇ ಪಶುವೈದ್ಯರನ್ನು ಕರೆಸಬೇಕು.

ಮೇವು, ನೀರು

ಕುದುರೆಯ ಜಠರವು ಅದರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಹಸುವಿನಂತೆ ಒಮ್ಮೆಗೇ ತಿಂದು ಮೆಲುಕು ಹಾಕುವ ಪ್ರಾಣಿ ಇದಲ್ಲ. ಸ್ವಲ್ಪ ಸ್ವಲ್ಪವಾಗಿ ಅನೇಕ ಸಲ ತಿನ್ನಿಸುವುದೇ ಕ್ರಮ. 300 ಕಿಲೋಗ್ರಾಂ ತೂಕದ ಕುದುರೆಗೆ ದಿನಕ್ಕೆ 5ರಿಂದ 6 ಕಿಲೋಗ್ರಾಂ ಒಣಮೇವು ಬೇಕು. ಹುರುಳಿಯನ್ನು ಬೇಯಿಸಿ, ಆರಿಸಿ, ಉಪ್ಪು ಬೆರೆಸಿ ಕೊಡುವ ನಮ್ಮ ನಾಡಿನ ಪದ್ಧತಿಯು ಒಳ್ಳೆಯದೇ. ಆದರೆ ಕಾಳೂ ಬೂಸವೂ ಸೇರಿ ಒಂದು ಹೊತ್ತಿಗೆ ಒಂದೂವರೆ ಕಿಲೋಗ್ರಾಂ ಮೀರಲಾಗದು. ಕೈ ಅಳತೆಯಿಂದ ಹಾಕದೆ ತೂಗಿ ಹಾಕಬೇಕು.

ಗೋಧಿಬೂಸವನ್ನೇ ಹೆಚ್ಚಾಗಿ ತಿನ್ನಿಸಿದರೆ ದೇಹದಲ್ಲಿ ಸುಣ್ಣದ ಅಂಶವು ಕುಂದಿ ಮುಖದ ಮೂಳೆಗಳು ಊದಿಕೊಳ್ಳುವುವು. ಬರಿಯ ನೇಪಿಯರ್ ಹುಲ್ಲಿನ ಮೇಲೆ ಬಹುಕಾಲ ಸಾಕಿದರೂ ಇದೇ ದೋಷವು ಬರಬಹುದು. ಕುದುರೆಮೆಂತೆಯನ್ನು ಸ್ವಲ್ಪ ಭಾಗದಲ್ಲಿ ಬೆಳೆದುಕೊಂಡರೆ ಈ ಕೊರತೆಯು ನೀಗುವುದು. ನೀರು ಸಾಧಾರಣವಾಗಿ ದಿನಕ್ಕೆ 15ರಿಂದ 25 ಲೀಟರು ಬೇಕು. ಬೇಸಗೆಯಲ್ಲಿಯೂ, ಹಾಲೂಡುವ ಕುದುರೆಗೂ ಇದಕ್ಕಿಂತ ಬಹು ಹೆಚ್ಚಾಗಿ ಬೇಕಾಗುವುದು.

ಹಲವು ಬಗೆಯ ಪ್ರಾಣಿಗಳಿರುವ ಮನೆಯಲ್ಲಿ ಒಂದು ಎಚ್ಚರಿಕೆಯು ಅತ್ಯಗತ್ಯವು. ಕೋಳಿಗಳಿಗೂ ಹಸುಗಳಿಗೂ ತಯಾರಿಸಿದ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧವನ್ನು ಸೇರಿಸಿರುವರು. ಅದು ಕೋಳಿಗೆ ಹಿತವಾದರೂ ಕುದುರೆಗೆ ವಿಷವು. ಹೃದಯವನ್ನು ಕೆಡಿಸಿ ಕೊಲ್ಲುವುದು. ಮಕ್ಕಳು ಪ್ರೀತಿಯಿಂದ ಕೋಳಿಯ ಆಹಾರವನ್ನು ಒಂದು ಬೊಗಸೆ ಕುದುರೆಗೂ ಹಾಕುವ ಸಂಭವವುಂಟು. ಆದುದರಿಂದ ಒಂದೊಂದು ಪ್ರಾಣಿಯ ಆಹಾರವನ್ನೂ ಬೇರೆಬೇರೆ ಮುಚ್ಚಳದ ಡಬ್ಬಗಳಲ್ಲಿಟ್ಟು, ಓದಲು ಬಾರದ ಮಗುವಿಗೂ ತಿಳಿಯುವಂತೆ ಮೇಲೆ ಆಯಾ ಪ್ರಾಣಿಯ ಚಿತ್ರವನ್ನು ಬರೆದಿಡತಕ್ಕದ್ದು. ಮುಚ್ಚಿದ ಡಬ್ಬಗಳಿಂದ ಇಲಿಗಳ ಕಾಟವೂ, ಇಲಿಗಳನ್ನರಸಿ ಬರುವ ಹಾವುಗಳ ಭಯವೂ ತಗ್ಗುವುವು.

ಮಕ್ಕಳಿಗೆ ಕಲಿಸತಕ್ಕ ನಿಯಮಗಳು

ಕುದುರೆಯು ಸ್ವಭಾವತಃ ಅಂಜುಬುರುಕ ಪ್ರಾಣಿ. ಅಂಜಿದಾಗ ಓಡುವುದು, ಓಡಲು ಎಡೆಯಿಲ್ಲದಿದ್ದರೆ ಒದೆಯುವುದು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲೂ ಬಹುಭಾಗ ಕಾಣುವುದಾದರೂ, ನೇರವಾಗಿ ಬೆನ್ನ ಹಿಂದೆ ನಿಂತವರೂ ಮೂಗಿನ ತುದಿಗೆ ತೀರ ಹತ್ತಿರವಿರುವ ಪದಾರ್ಥವೂ ಕಾಣವು. ಈ ಒಂದು ಸಂಗತಿಯನ್ನು ಮಕ್ಕಳಿಗೆ ತಿಳಿಸಿಕೊಟ್ಟರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುವುವು:

1. ಹತ್ತಿರ ಹೋಗುವ ಮುಂಚೆ ಹೆಸರು ಹಿಡಿದು ಕರೆಯಬೇಕು. ಎಡಹೆಗಲಿನ ಕಡೆಯಿಂದ ಹೋಗಬೇಕು.

2. ಹಿಂಭಾಗದಲ್ಲಿ ಹಾಯಲಾಗದು. ಲಾಯದಲ್ಲಿ ಓಡುವುದೂ ಕಿರಿಚುವುದೂ ಕೂಡದು.

3. ಬೆಲ್ಲವನ್ನೋ ಹುಲ್ಲನ್ನೋ ಕೊಡುವಾಗ ಅಂಗೈಯನ್ನು ಚಪ್ಪಟೆಯಾಗಿ ಚಾಚಬೇಕು; ಬೆರಳುಗಳನ್ನು ಮಡಿಸಲಾಗದು.

4. ಹಗ್ಗವನ್ನು ಎಂದಿಗೂ ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಲಾಗದು. ಕುದುರೆಯು ಬೆದರಿ ಓಡಿದರೆ ಮಗುವನ್ನೂ ಎಳೆದುಕೊಂಡು ಹೋಗುವುದು.

5. ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡಿರುವ ಕುದುರೆಯನ್ನು ಮುಟ್ಟಲಾಗದು.

6. ಸವಾರಿ ಮಾಡುವ ಮಗುವಿಗೆ ತಲೆಗೆ ಹೆಲ್ಮೆಟ್ಟೂ ಕಾಲಿಗೆ ಹಿಮ್ಮಡಿಯುಳ್ಳ ಪಾದರಕ್ಷೆಯೂ ಇರಬೇಕು. ಹಿಮ್ಮಡಿಯಿಲ್ಲದಿದ್ದರೆ ಪಾದವು ರಿಕಾಪಿನಲ್ಲಿ ನುಸುಳಿ ಸಿಕ್ಕಿಕೊಳ್ಳಬಹುದು.

ಆರು ವರ್ಷದೊಳಗಿನ ಮಕ್ಕಳನ್ನು ದೊಡ್ಡವರ ಕೈಹಿಡಿಯದೆ ಲಾಯದೊಳಕ್ಕೆ ಬಿಡಲೇಕೂಡದು. ಅನಂತರದ ವಯಸ್ಸಿನವರು ಅಂಗಳ ಗುಡಿಸುವುದು, ಬಕೀಟಿಗೆ ನೀರು ತುಂಬುವುದು ಮುಂತಾದ ಕೆಲಸಗಳನ್ನು ಮಾಡಬಹುದು. ಹನ್ನೆರಡು ವರ್ಷ ದಾಟಿದವರು ದೊಡ್ಡವರ ಎದುರಿನಲ್ಲಿ ಮೈ ಉಜ್ಜುವುದನ್ನೂ ಗೊರಸಿನ ಮಣ್ಣು ತೆಗೆಯುವುದನ್ನೂ ಕಲಿಯಲಿ. ಗೊರಸುಗಳನ್ನು ಬಲ್ಲವರಿಂದ ಆರರಿಂದ ಎಂಟು ವಾರಗಳಿಗೊಮ್ಮೆ ಕತ್ತರಿಸಿ ಸರಿಪಡಿಸಬೇಕು.

ಮರಿಯೊಡನೆ ಆಡುವುದರಲ್ಲಿಯೂ ಮಿತಿ ಇರಬೇಕು. ಹುಟ್ಟಿದಾಗ ಮರಿಯು ತಾಯಿಯ ತೂಕದ ಹತ್ತರಲ್ಲಿ ಒಂದು ಪಾಲು, ಎಂದರೆ ಸುಮಾರು 30 ಕಿಲೋಗ್ರಾಂ ಇರುವುದು. ಅದು ಮುಂಗಾಲೆತ್ತಿ ಮಗುವಿನ ಹೆಗಲ ಮೇಲಿಟ್ಟಾಗ ಮನೆಯವರೆಲ್ಲರೂ ನಗುವರು. ಅದೇ ಚಾಳಿಯು 300 ಕಿಲೋಗ್ರಾಂ ತೂಕದ ಕುದುರೆಯಲ್ಲಿ ಉಳಿದರೆ ಮಗುವಿನ ಪ್ರಾಣಕ್ಕೇ ಸಂಚಕಾರವು. ದೊಡ್ಡ ಕುದುರೆಯಲ್ಲಿ ಸಹಿಸಲಾಗದ ನಡತೆಯನ್ನು ಮರಿಯಲ್ಲಿಯೂ ಸಹಿಸಲಾಗದು.

ಒಡನಾಡಿ ಪ್ರಾಣಿಗಳು

ಕುದುರೆಯು ಹಿಂಡಿನ ಪ್ರಾಣಿ; ಒಂಟಿಯಾಗಿ ಕಟ್ಟಿದರೆ ಕೊರಗುವುದು. ಜೊತೆಗೆ ಮತ್ತೊಂದು ಕುದುರೆಯಿಲ್ಲದಿದ್ದರೆ ಒಂದು ಮೇಕೆಯಾದರೂ ಇರುವುದು ಒಳ್ಳೆಯದು. ಹಸುಗಳನ್ನೂ ಕುದುರೆಗಳನ್ನೂ ಒಂದೇ ಹುಲ್ಲುಗಾವಲಿನಲ್ಲಿ ಸರದಿಯಂತೆ ಮೇಯಿಸುವುದರಿಂದ ಲಾಭವೇ ಉಂಟು. ಒಂದರ ಹೊಟ್ಟೆಯ ಹುಳುಗಳಲ್ಲಿ ಬಹುಪಾಲು ಮತ್ತೊಂದರ ಹೊಟ್ಟೆಯಲ್ಲಿ ಬದುಕಲಾರವು. ಕೋಳಿಗಳು ಗೋದಲಿಯ ಮೇಲೆ ಕೂಡದಂತೆ ನೋಡಿಕೊಳ್ಳಬೇಕು. ನಾಯಿಗೆ ಪ್ರತಿವರ್ಷವೂ ಹುಚ್ಚುರೋಗದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಹುಚ್ಚುನಾಯಿ ಕಚ್ಚಿದರೆ ಕುದುರೆಗೂ ಆ ರೋಗವು ಬರುವುದು.

ಒಂದು ಕುದುರೆಯಿಂದ ದಿನಕ್ಕೆ ಹನ್ನೆರಡು ಕಿಲೋಗ್ರಾಮಿಗೆ ಕಡಿಮೆಯಿಲ್ಲದಷ್ಟು ಲದ್ದಿ ದೊರೆಯುವುದು. ಇದನ್ನು ಹುಲ್ಲುಗಾವಲಿಗೆ ಹಸಿಯಾಗಿ ಎರಚದೆ, ರಾಶಿಹಾಕಿ ಕೊಳೆಯಿಸಿ, ರಾಗಿಯ ಹೊಲಕ್ಕೆ ಹಾಕತಕ್ಕದ್ದು. ರಾಶಿಯ ಒಳಗಣ ಕಾವಿನಿಂದ ಹುಳುಗಳ ಮೊಟ್ಟೆಗಳು ನಾಶವಾಗುವುವು.

ಮರಿ ಹಾಕುವ ರಾತ್ರಿ

ಕುದುರೆಯ ಗರ್ಭಾವಧಿಯು ಸುಮಾರು 340 ದಿನಗಳು. ದಿನ ಸಮೀಪಿಸಿದಂತೆ ಕೆಚ್ಚಲು ತುಂಬಿ, ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿಯು ಕಾಣಿಸುವುದು. ಮರಿ ಹಾಕುವುದು ಬಹುಮಟ್ಟಿಗೆ ರಾತ್ರಿಯಲ್ಲಿಯೇ. ಗದ್ದಲವಿದ್ದರೆ ತಾಯಿಯು ತಡೆಹಿಡಿಯುವುದುಂಟು. ಆದುದರಿಂದ ಮಕ್ಕಳು ನೋಡಬೇಕೆಂದು ಹಟ ಮಾಡಿದರೆ ಒಬ್ಬಿಬ್ಬರನ್ನು ಮಾತ್ರ ಅಜ್ಜಿಯ ಮಗ್ಗುಲಲ್ಲಿ, ದೂರದಲ್ಲಿ, ಸದ್ದಿಲ್ಲದೆ ಕೂರಿಸಬಹುದು.

ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿಯು ಹೊರಬರಬೇಕು. ಬಿಳಿಯ ಪೊರೆಗೆ ಬದಲಾಗಿ ಕೆಂಪಾದ ಚೀಲವು ಮೊದಲು ಕಾಣಿಸಿಕೊಂಡರೆ ಒಂದು ನಿಮಿಷವೂ ತಡಮಾಡಲಾಗದು. ಮರಿಗೆ ಉಸಿರು ಒದಗುವುದು ನಿಂತಿರುವುದೆಂದು ತಿಳಿದು, ಚೀಲವನ್ನು ಸೀಳಿ ಮರಿಯನ್ನು ಹೊರತೆಗೆಯಲು ಸಹಾಯ ಮಾಡುತ್ತಲೇ ವೈದ್ಯರಿಗೆ ತಿಳಿಸಬೇಕು. ಮುಂದೆ ನೆನಪಿಡತಕ್ಕ ಲೆಕ್ಕವು ಸುಲಭವಾಗಿದೆ: ಒಂದು ಗಂಟೆಯೊಳಗೆ ಮರಿಯು ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಪಶುವೈದ್ಯರನ್ನು ಕರೆಸಬೇಕು. ಕರ್ನಾಟಕದಲ್ಲಿ 1962 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯವು ದೊರೆಯುವುದು.

ಕೆಲವು ಮನೆಗಳಲ್ಲಿ ಮೊದಲ ಹಾಲನ್ನು ಕರೆದು ಚೆಲ್ಲುವ ಅಭ್ಯಾಸವುಂಟು. ಇದು ಮಹಾ ಅಪಚಾರವು. ಮರಿಯು ಹುಟ್ಟುವಾಗ ರೋಗಗಳನ್ನೆದುರಿಸುವ ಶಕ್ತಿಯನ್ನು ಪಡೆದು ಬರುವುದಿಲ್ಲ. ಆ ಶಕ್ತಿಯೆಲ್ಲವೂ ಗಿಣ್ಣುಹಾಲಿನಿಂದಲೇ ಬರತಕ್ಕದ್ದು. ಅದನ್ನು ರಕ್ತಕ್ಕೆ ಸೇರಿಸಿಕೊಳ್ಳುವ ಸಾಮರ್ಥ್ಯವು ಮರಿಯ ಕರುಳಿಗೆ ಮೊದಲ ದಿನ ಮಾತ್ರ, ಅದರಲ್ಲಿಯೂ ಮೊದಲ ಆರೇಳು ಗಂಟೆಗಳಲ್ಲಿ ಹೆಚ್ಚಾಗಿ, ಇರುವುದು. ಹೊಕ್ಕುಳಿಗೆ ವೈದ್ಯರು ಹೇಳಿದ ಔಷಧವನ್ನು ಹಚ್ಚಬೇಕು. ಐದಾರು ತಿಂಗಳಾದ ಮೇಲೆ ಮರಿಯನ್ನು ಹಾಲು ಬಿಡಿಸಬಹುದು.

ಮನುಷ್ಯರಿಗೂ ತಗಲುವ ರೋಗಗಳು

ಧನುರ್ವಾಯುವಿನ ಬೀಜಗಳು ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಇರುವುವು. ಈ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಮತ್ತೊಂದಿಲ್ಲ. ಬರಿಗಾಲಿನಲ್ಲಿ ಲಾಯ ಗುಡಿಸುವ ಮಗುವಿಗೂ ಅಪಾಯವುಂಟು. ಕುದುರೆಗಳಿಗೆ ಲಸಿಕೆ ಹಾಕಿಸಿ, ಗಬ್ಬದ ಕುದುರೆಗೆ ಮರಿ ಹಾಕುವ ನಾಲ್ಕರಿಂದ ಆರು ವಾರ ಮುಂಚೆ ಮತ್ತೊಮ್ಮೆ ಹಾಕಿಸಬೇಕು. ಮಕ್ಕಳಿಗೆ ಶೈಶವದ ಲಸಿಕೆಗಳಲ್ಲದೆ ಐದಾರು, ಹತ್ತು ಮತ್ತು ಹದಿನಾರನೆಯ ವಯಸ್ಸಿನವೂ ತಪ್ಪಬಾರದು.

ಗ್ಲ್ಯಾಂಡರ್ಸ್ ಎಂಬುದು ಇದಕ್ಕಿಂತಲೂ ಭಯಂಕರವು. ಮೂಗಿನಿಂದ ಅಂಟಾದ ಕೀವು ಸುರಿಯುವುದು, ಮೂಗಿನೊಳಗೆ ಹುಣ್ಣು, ಕಾಲುಗಳ ಮೇಲೆ ಸಾಲುಗಟ್ಟಿದ ಗಂಟುಗಳು ಒಡೆದು ಸೋರುವುದು ಇದರ ಲಕ್ಷಣಗಳು. ಮನುಷ್ಯರಿಗೆ ತಗಲಿದರೆ ಮರಣಾಂತಿಕವಾಗಬಹುದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣ ಶಾಸನದ ಪ್ರಕಾರ ಇದನ್ನು ವರದಿ ಮಾಡುವುದು ಕಡ್ಡಾಯವು. ರೋಗವು ಪರೀಕ್ಷೆಯಿಂದ ಸ್ಥಿರಪಟ್ಟ ಕುದುರೆಗೆ ಚಿಕಿತ್ಸೆಯಿಲ್ಲ. ಅದನ್ನು ನೋವಿಲ್ಲದಂತೆ ಕೊಲ್ಲುವುದೇ ವಿಧಿ. ಒಡೆಯನಿಗೆ ಪರಿಹಾರ ಕೊಡುವ ಏರ್ಪಾಡು ಇದೆ. ಮಕ್ಕಳು ಹೆಸರಿಟ್ಟು ಸಾಕಿದ ಪ್ರಾಣಿಯನ್ನು ಒಪ್ಪಿಸುವುದು ಯಾವ ಮನೆಗೂ ಸುಲಭವಲ್ಲ. ಆದರೂ ಮರುಕದಿಂದ ಮುಚ್ಚಿಟ್ಟ ಒಂದು ಕುದುರೆಯು ಉಳಿದ ಕುದುರೆಗಳನ್ನೂ, ಅದನ್ನು ಮುದ್ದಿಸಿದ ಮಗುವನ್ನೂ ಬಲಿತೆಗೆದುಕೊಳ್ಳಬಹುದೆಂಬುದನ್ನು ಮರೆಯಲಾಗದು. ಹೊಸದಾಗಿ ಕೊಂಡ ಕುದುರೆಯನ್ನು ಮೂರು ವಾರಗಳಾದರೂ ಬೇರೆಯಾಗಿ ಕಟ್ಟಿ, ರಕ್ತಪರೀಕ್ಷೆ ಮಾಡಿಸಿದ ಮೇಲೆಯೇ ಲಾಯಕ್ಕೆ ಸೇರಿಸತಕ್ಕದ್ದು.

ಗ್ರಾಮದ ಮುಖಂಡರ ಕರ್ತವ್ಯ

ಗ್ರಾಮದಲ್ಲಿ ಯಾರ ಮನೆಯಲ್ಲಿ ಎಷ್ಟು ಕುದುರೆಗಳಿವೆಯೆಂಬುದನ್ನು ಮುಖಂಡರು ತಿಳಿದಿರಬೇಕು. ಜಾತ್ರೆಗೂ ಮದುವೆಯ ಮೆರವಣಿಗೆಗೂ ಹೊರಗಿನಿಂದ ಬರುವ ಕುದುರೆಗಳು ಊರ ಕುದುರೆಗಳೊಡನೆ ಒಂದೇ ತೊಟ್ಟಿಯಲ್ಲಿ ನೀರು ಕುಡಿಯದಂತೆ ಪ್ರತ್ಯೇಕವಾದ ಸ್ಥಳವನ್ನು ಏರ್ಪಡಿಸಬೇಕು. ಸಂಶಯಾಸ್ಪದ ರೋಗವು ಕಂಡುಬಂದರೆ ಅದೇ ದಿನ ಪಶುವೈದ್ಯಾಲಯಕ್ಕೆ ವರ್ತಮಾನ ಕಳುಹಬೇಕು. ಸಾಕುವ ಕುಟುಂಬವು ಬಡವಾಗಿದ್ದರೆ ಪರಿಹಾರದ ಅರ್ಜಿ ಮುಂತಾದುವುಗಳಲ್ಲಿ ನೆರವಾಗಬೇಕು. ಪರಿಹಾರವು ಕೈಸೇರುವುದೆಂಬ ನಂಬಿಕೆಯಿದ್ದಲ್ಲಿ ರೋಗವನ್ನು ಮುಚ್ಚಿಡುವವರು ಕಡಿಮೆ.

ಜಮೀನುದಾರರು ತಮ್ಮ ಲಾಯದ ಕೆಲಸವನ್ನೆಲ್ಲ ಆಳುಗಳಿಗೇ ಬಿಟ್ಟು, ಮಕ್ಕಳನ್ನು ಕುದುರೆಯ ಬೆನ್ನೇರಿಸುವುದರಲ್ಲಿ ಮಾತ್ರ ಸಂತೋಷಪಡಲಾಗದು. ಬಕೀಟು ಹೊತ್ತು, ಲದ್ದಿ ಬಾಚಿ, ಬೆಳಗಿನ ನಾಲ್ಕು ಸಂಗತಿಗಳನ್ನು ಪ್ರತಿದಿನವೂ ಬರೆದಿಟ್ಟ ಮಗುವು ಹದಿನೈದನೆಯ ವಯಸ್ಸಿಗೆ ಬರುವಷ್ಟರಲ್ಲಿ ಕುದುರೆಯ ಕ್ಷೇಮವನ್ನು ತಾನೇ ಬಲ್ಲವನಾಗುವನು. ಅಂಥ ಮಕ್ಕಳಿರುವ ಮನೆಯಲ್ಲಿ ಲಾಯವು ಬರಿದಾಗುವುದಿಲ್ಲ.